ರಾಮೆನ್ ಅಂಗಡಿ ತುಂಬಿದೆ: ಯಾವಾಗ ಹೋಗಬೇಕು, ಎಲ್ಲಿ ಕೂರಬೇಕು, ಯಾವ ಬಟ್ಟಲು ತಗೋಬೇಕು

ಮುಂಬೈಯಲ್ಲಿ ರಾಮೆನ್, ಅಂದರೆ ಬಿಸಿ ಸಾರಿನಲ್ಲಿ ಕೊಡುವ ಜಪಾನಿ ನೂಡಲ್ಸ್ ತಿನ್ನಲು ಜನ ಈಗ ಬಾಗಿಲ ಹೊರಗೆ ಹೆಸರು ಬರೆಸಿ ನಿಲ್ಲುತ್ತಾರೆ. ಬಾಂದ್ರಾ, ಖಾರ್ ಕಡೆ ಶನಿವಾರ ರಾತ್ರಿ ಇದು ಮಾಮೂಲು. 2018ರಲ್ಲಿ ಶೆಫ್ ನೂರೇಷಾ ಕಾಬ್ಲಿ ಬಾಂದ್ರಾದಲ್ಲಿ ಇಝುಮಿ ಅನ್ನುವ ಜಪಾನಿ ಹೋಟೆಲ್ ಶುರು ಮಾಡಿದಾಗ ಅದು ತೀರಾ ಪುಟ್ಟ ಜಾಗ. ಜಪಾನಿ ಊಟ ಅಂದ್ರೆ ಪಂಚತಾರಾ ಹೋಟೆಲಿನ ಸುಶಿ ಮಾತ್ರ ಅನ್ನುವ ಕಾಲ ಆಮೇಲೆ ನಿಧಾನಕ್ಕೆ ಹೋಯಿತು. ಈಗ ಡೊಂಬಿವಲಿ, ಮುಲುಂಡ್, ಗೋರೆಗಾಂವ್, ನೆರೂಲ್‌ನಲ್ಲಿರುವ ನಮ್ಮ ಕನ್ನಡದವರೂ ಕೇಳುತ್ತಾರೆ: ಅಷ್ಟು ದೂರ ಬಂದು, ಅಷ್ಟು ಹೊತ್ತು ಕಾದು, ಅಷ್ಟು ದುಡ್ಡು ಕೊಡುವುದಾದರೆ ಯಾವ ದಿನ ಹೋಗುವುದು, ಏನು ತಿನ್ನುವುದು?

ನಾನು ಎಲ್ಲ ಆಯ್ಕೆಗಳನ್ನೂ ಒಂದೇ ವಿಷಯ ಇಟ್ಟುಕೊಂಡು ತೂಗುತ್ತೇನೆ. ನಾವು ರಾಮೆನ್‌ಗೆ ಕಾಯಬಹುದು, ರಾಮೆನ್ ನಮಗೆ ಕಾಯುವುದಿಲ್ಲ. ಕುದಿಯುವ ಸಾರಿನಲ್ಲಿ ಬಿದ್ದ ನೂಡಲ್ಸ್ ನಿಮ್ಮ ಮುಂದೆ ಬಂದ ಮೇಲೂ ಬೇಯುತ್ತಲೇ ಇರುತ್ತದೆ. ಸಾರು ಹೀರಿ ಊದಿಕೊಳ್ಳುತ್ತದೆ. ಹತ್ತು ನಿಮಿಷ ಬಿಟ್ಟರೆ ಎಳೆಯಲ್ಲಿ ಹಿಡಿತವೇ ಇರುವುದಿಲ್ಲ. ಮೇಲಿನ ಕೊಬ್ಬು ಕೆನೆಗಟ್ಟುತ್ತದೆ, ಗರಿಗರಿಯಾಗಿದ್ದ ನೋರಿ, ಅಂದರೆ ಸಮುದ್ರದ ಪಾಚಿಯ ಹಾಳೆ, ಒದ್ದೆಯಾಗಿ ಜೋತುಬೀಳುತ್ತದೆ. ತವೆಯಿಂದ ಇಳಿದ ದೋಸೆಯನ್ನು ಯಾರಾದರೂ ಮಾತಾಡುತ್ತಾ ಆರಲು ಬಿಡುತ್ತಾರಾ? ಹಾಗೇ ಇದೂ. ಹಾಗಾಗಿ ಗದ್ದಲದ ಅಂಗಡಿಯಲ್ಲಿ ಹೊತ್ತು, ಜಾಗ, ಜೊತೆಗಾರರು, ಬಟ್ಟಲು ಇವೆಲ್ಲವನ್ನೂ ಆರಿಸುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಬಟ್ಟಲು ಬಂದ ತಕ್ಷಣ ತಿನ್ನಲು ಇದರಿಂದ ಅನುಕೂಲವಾಗುತ್ತದಾ, ಇಲ್ವಾ?

ಹೊತ್ತು

ವಾರದ ದಿನ ಮಧ್ಯಾಹ್ನ ಹೋಗಲು ಸಾಧ್ಯವಾದರೆ ಬೇರೆ ಯೋಚನೆಯೇ ಬೇಡ, ಅದೇ ಒಳ್ಳೆಯದು. ಆದರೆ ಕೆಲಸಕ್ಕೆ ಹೋಗುವವರಿಗೆ ಅದು ಆಗುವ ಮಾತಲ್ಲ. ಹಾಗಾಗಿ ಶನಿವಾರ, ಭಾನುವಾರದ ಲೆಕ್ಕ ನೋಡೋಣ.

ಬಾಗಿಲು ತೆಗೆಯುವ ಮೊದಲೇ ಹೋಗಿ ನಿಲ್ಲುವುದು ಒಂದು ದಾರಿ. ಇದರಲ್ಲಿ ಸೀಟು ಖಾತ್ರಿ. ಆದರೆ ಒಂದು ತೊಂದರೆಯೂ ಇದೆ, ಇದನ್ನು ಯಾರೂ ಹೇಳುವುದಿಲ್ಲ. ಬಾಗಿಲು ತೆಗೆದ ಐದೇ ನಿಮಿಷದಲ್ಲಿ ಅಂಗಡಿ ತುಂಬುತ್ತದೆ, ಎಲ್ಲರ ಆರ್ಡರೂ ಒಟ್ಟಿಗೇ ಅಡುಗೆಮನೆಗೆ ಹೋಗುತ್ತದೆ. ನೂಡಲ್ಸ್ ಬೇಯಿಸುವ ಹಂಡೆಯಲ್ಲಿ ಇರುವುದು ಕೆಲವೇ ಜಾಲರಿ ಬುಟ್ಟಿಗಳು. ಒಂದೊಂದು ಬುಟ್ಟಿಯಲ್ಲಿ ಒಬ್ಬರ ಪಾಲು. ಹಾಗಾಗಿ ಮೊದಲ ಸುತ್ತಿನಲ್ಲಿ ಕೂತವರು ಮೆನು ತಿರುಗಿಸುತ್ತಾ ಕೂರಬಾರದು. ಏನು ಬೇಕು ಅಂತ ಕ್ಯೂನಲ್ಲೇ ತೀರ್ಮಾನ ಮಾಡಿ, ಕೂತ ಕೂಡಲೇ ಹೇಳಿಬಿಡಿ.

ಎಲ್ಲಕ್ಕಿಂತ ಕೆಟ್ಟದ್ದು ಬಾಗಿಲು ತೆಗೆದು ಹತ್ತು ಹದಿನೈದು ನಿಮಿಷವಾದ ಮೇಲೆ ತಲುಪುವುದು. ಮೊದಲ ಸುತ್ತಿನವರು ಆಗಷ್ಟೇ ಕೂತಿರುತ್ತಾರೆ, ಒಬ್ಬರೂ ಏಳುವುದಿಲ್ಲ. ಅಂಥ ಹೊತ್ತಿನಲ್ಲಿ ಬಂದರೆ ಸುಮ್ನೆ ಹೆಸರು ಬರೆಸಿ ಒಂದು ಸುತ್ತು ತಿರುಗಿ ಬನ್ನಿ. ಮೊದಲ ಸುತ್ತು ತಪ್ಪುತ್ತದೆ ಅಂತ ಮೊದಲೇ ಗೊತ್ತಿದ್ದರೆ ಮುಕ್ಕಾಲು ಗಂಟೆ ತಡವಾಗಿಯೇ ಹೋಗಿ. ಒಟ್ಟಿಗೆ ಕೂತವರು ಸುಮಾರಾಗಿ ಒಟ್ಟಿಗೇ ಏಳುತ್ತಾರೆ, ಆಗ ನಾಲ್ಕಾರು ಜಾಗ ಒಂದೇ ಸಲ ಖಾಲಿಯಾಗುತ್ತದೆ. ರಾತ್ರಿ ಕೊನೆಯ ಆರ್ಡರಿನ ಹೊತ್ತಿಗೆ ಹೋಗುವುದು ನನಗೆ ಅಷ್ಟು ಇಷ್ಟವಿಲ್ಲ. ಸಾರನ್ನು ಬೆಳಿಗ್ಗೆಯಿಂದ ಕುದಿಸಿರುತ್ತಾರೆ, ಮುಗಿದರೆ ಮುಗಿಯಿತು, ಹೊಸದಾಗಿ ಅರ್ಧ ಗಂಟೆಯಲ್ಲಿ ಮಾಡಲು ಆಗುವುದಿಲ್ಲ. ನೀವು ಆಸೆಪಟ್ಟು ಬಂದದ್ದೇ ಇರುವುದಿಲ್ಲ.

ಮೊದಲೇ ಬುಕ್ ಮಾಡುವುದೋ, ನೇರ ಹೋಗುವುದೋ? ಬುಕಿಂಗ್ ತೆಗೆದುಕೊಳ್ಳುವ ಅಂಗಡಿಯಾದರೆ, ದೂರದಿಂದ ಬರುವವರು ಬುಕ್ ಮಾಡಿಯೇ ಬನ್ನಿ. ಬೆಂಗಳೂರಿನ ನಾರು ನೂಡಲ್ ಬಾರ್‌ನಲ್ಲಿ ಸೀಟು ಹಿಡಿಯುವುದು ಎಷ್ಟು ಕಷ್ಟ ಅಂತ ಅಲ್ಲಿನ ನೆಂಟರನ್ನು ಕೇಳಿದರೆ ಹೇಳುತ್ತಾರೆ. ಮುಂಬೈಯಲ್ಲಿ ಇನ್ನೊಂದು ವಿಷಯ ನೋಡಿಕೊಳ್ಳಬೇಕು. ಭಾನುವಾರ ಸೆಂಟ್ರಲ್ ಮತ್ತು ಹಾರ್ಬರ್ ಲೈನಿನಲ್ಲಿ ಮೆಗಾಬ್ಲಾಕ್, ಅಂದರೆ ಹಳಿ ರಿಪೇರಿಗೆ ಗಾಡಿ ನಿಲ್ಲಿಸುವುದು ಸಾಮಾನ್ಯ. ಡೊಂಬಿವಲಿಯಿಂದ ಹೊರಟು ದಾದರ್‌ನಲ್ಲಿ ಗಾಡಿ ಬದಲಿಸಿ ಬಾಂದ್ರಾಕ್ಕೆ ಬರುವವರಿಗೆ ಬುಕ್ ಮಾಡಿದ ಹೊತ್ತು ಅಲ್ಲೇ ಕಳೆದುಹೋಗುತ್ತದೆ. ಅಂಥವರಿಗೆ ಶನಿವಾರವೇ ವಾಸಿ. ಬಾಂದ್ರಾ ಸ್ಟೇಷನ್‌ನಿಂದ ಆಟೋ ಸಿಗುತ್ತದೆ. ಅದೇ ಲೋವರ್ ಪರೇಲ್ ಅಥವಾ ಕಾಲಾ ಘೋಡಾ ಕಡೆಯ ಅಂಗಡಿ ಆರಿಸಿದರೆ ಅಲ್ಲಿ ಆಟೋ ಓಡುವುದಿಲ್ಲ, ಟ್ಯಾಕ್ಸಿ ಹಿಡಿಯಬೇಕು. ಮನೆಯವರೆಲ್ಲ ಸೇರಿ ಹೊರಟಾಗ ಇದೂ ಖರ್ಚೇ ಅಲ್ವಾ.

ಜಾಗ ಮತ್ತು ಜೊತೆ

ಕೌಂಟರ್ ಮತ್ತು ಟೇಬಲ್, ಎರಡೂ ಇದ್ದರೆ ನಾನು ಕಣ್ಣುಮುಚ್ಚಿ ಕೌಂಟರ್ ಅನ್ನುತ್ತೇನೆ. ಅಡುಗೆಯವನ ಕೈಗೂ ನಿಮ್ಮ ಬಾಯಿಗೂ ನಡುವೆ ಯಾರೂ ಇರುವುದಿಲ್ಲ. ಅವನು ಮಾಡುವುದನ್ನು ಹತ್ತಿರದಿಂದ ನೋಡಲೂ ಸಿಗುತ್ತದೆ. ಮೊದಲು ಬಿಸಿನೀರು ಹಾಕಿ ಬಟ್ಟಲನ್ನು ಬೆಚ್ಚಗೆ ಮಾಡಿ ಆ ನೀರು ಚೆಲ್ಲುತ್ತಾನೆ. ತಳಕ್ಕೆ ತಾರೆ ಅನ್ನುವ ರಸ ಒಂದು ಸೌಟು ಬೀಳುತ್ತದೆ. ಉಪ್ಪು, ರುಚಿ ಎಲ್ಲ ಇರುವುದು ಈ ರಸದಲ್ಲೇ. ಅದರ ಮೇಲೆ ಬಿಸಿ ಸಾರು. ಅಷ್ಟರಲ್ಲಿ ನೂಡಲ್ಸ್ ಬುಟ್ಟಿಯನ್ನು ಹಂಡೆಯಿಂದ ಎತ್ತಿ ಎರಡು ಸಲ ಜೋರಾಗಿ ಝಾಡಿಸುತ್ತಾನೆ. ಎಳೆಗೆ ಅಂಟಿದ ನೀರು ಹೋಗದಿದ್ದರೆ ಸಾರು ತೆಳುವಾಗುತ್ತದೆ, ಅದಕ್ಕೆ. ಆಮೇಲೆ ಎಳೆಗಳನ್ನು ಸಾರಿನೊಳಗೆ ಇಳಿಸಿ, ಚಾಪ್‌ಸ್ಟಿಕ್ ಕಡ್ಡಿಯಿಂದ ಒಮ್ಮೆ ಎತ್ತಿ ಮಡಿಸಿ ಮಲಗಿಸುತ್ತಾನೆ. ಮೊಟ್ಟೆ, ಮಾಂಸ, ಈರುಳ್ಳಿ ಸೊಪ್ಪು, ಕೊನೆಗೆ ಒಂದು ಚಮಚ ಘಮಘಮಿಸುವ ಎಣ್ಣೆ. ಇಷ್ಟೂ ಒಂದೆರಡು ನಿಮಿಷದ ಕೆಲಸ. ಇದನ್ನು ಒಮ್ಮೆ ನೋಡಿದವರು ಬಟ್ಟಲು ಬಂದ ಮೇಲೆ ಫೋನ್ ಹಿಡಿದು ಕೂರುವುದಿಲ್ಲ ಅಂತ ನನ್ನ ನಂಬಿಕೆ.

ಮಕ್ಕಳಿದ್ದರೆ, ವಯಸ್ಸಾದವರಿದ್ದರೆ ಟೇಬಲ್ಲೇ ಬೇಕು. ಕೌಂಟರಿನ ಎತ್ತರದ ಸ್ಟೂಲಿನಲ್ಲಿ ಮಂಡಿನೋವಿನ ಅತ್ತೆಯನ್ನು ಕೂರಿಸುವುದು ಸರಿಯಲ್ಲ. ಆದರೆ ಟೇಬಲ್ ಅಂದರೂ ನಾಲ್ಕು ಜನಕ್ಕೆ ನಿಲ್ಲಿಸಿ. ಒಮ್ಮೆ ಪಕ್ಕದ ಟೇಬಲಿನಲ್ಲಿ ಏಳು ಜನ ಕೂತಿದ್ದರು. ಮೊದಲ ಎರಡು ಬಟ್ಟಲು ಬಂತು. ಎಲ್ಲರದ್ದೂ ಬರಲಿ ಅಂತ ಆ ಇಬ್ಬರು ಕೈಕಟ್ಟಿ ಕೂತರು. ನಮ್ಮ ಸಂಸ್ಕಾರವೇ ಹಾಗೆ, ಪಂಕ್ತಿಯಲ್ಲಿ ಕೂತ ಮೇಲೆ ಎಲ್ಲರ ಎಲೆಗೂ ಬಡಿಸದೆ ಕೈ ಹಾಕುವುದಿಲ್ಲ. ಏಳನೆಯ ಬಟ್ಟಲು ಬರುವ ಹೊತ್ತಿಗೆ ಮೊದಲ ಎರಡರಲ್ಲಿ ಸಾರು ಅರ್ಧ ಇಂಗಿ ಎಳೆಗಳು ಬೆರಳಿನ ಹಾಗೆ ಊದಿದ್ದವು. ರಾಮೆನ್ ಅಂಗಡಿಯಲ್ಲಿ ಬಂದವರು ಬಂದ ಹಾಗೆ ಶುರು ಮಾಡಬೇಕು. ಅದು ಅಗೌರವ ಅಲ್ಲ. ಇದನ್ನು ಹಿರಿಯರಿಗೆ ಮೊದಲೇ ಹೇಳಿಟ್ಟರೆ ಯಾರಿಗೂ ಬೇಜಾರಾಗುವುದಿಲ್ಲ. ದೊಡ್ಡ ಗುಂಪಾಗಿದ್ದರೆ ಎರಡು ಜಾಗದಲ್ಲಿ ಹಂಚಿಕೊಂಡು ಕೂರಿ. ಹರಟೆಗೆ ಅಂತಲೇ ಹೋಗುವುದಾದರೆ ಬೇರೆ ಹೋಟೆಲ್ ನೋಡಿ. ಹೊರಗೆ ಇಪ್ಪತ್ತು ಜನ ನಿಂತಿರುವಾಗ ತಿಂದಾದ ಮೇಲೂ ಕೂತಿರುವುದು ಚೆನ್ನಾಗಿರುವುದಿಲ್ಲ. ಮಾಟುಂಗಾದ ಕೆಫೆ ಮದ್ರಾಸ್‌ನಲ್ಲಿ ಭಾನುವಾರ ಬೆಳಿಗ್ಗೆ ತಿಂಡಿ ತಿಂದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಯಾವ ಬಟ್ಟಲು

ಮೆನುವಿನಲ್ಲಿ ಶೋಯು, ಶಿಯೊ, ಮಿಸೊ, ತೊಂಕೊತ್ಸು ಅಂತ ನಾಲ್ಕು ಹೆಸರು ಸಾಲಾಗಿ ಇರುತ್ತವೆ. ಇವು ಒಂದೇ ಜಾತಿಯವಲ್ಲ. ಮೊದಲ ಮೂರು ತಾರೆಯ ಹೆಸರು: ಶೋಯು ಅಂದರೆ ಸೋಯಾ ಸಾಸ್, ಶಿಯೊ ಅಂದರೆ ಉಪ್ಪು, ಮಿಸೊ ಅಂದರೆ ಹುದುಗಿಸಿದ ಸೋಯಾ ಕಾಳಿನ ಮುದ್ದೆ. ತೊಂಕೊತ್ಸು ಮಾತ್ರ ಸಾರಿನ ಹೆಸರು. ಹಂದಿಯ ಮೂಳೆಯನ್ನು ಗಂಟೆಗಟ್ಟಲೆ ಕೊತಕೊತ ಕುದಿಸಿದಾಗ ಮಜ್ಜೆ, ಕೊಬ್ಬು, ಮೂಳೆಯಿಂದ ಇಳಿದ ಅಂಟು ಎಲ್ಲ ನೀರಿನೊಂದಿಗೆ ಬೆರೆತು ಸಾರು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಹಾಲು, ಕೆನೆ ಏನೂ ಹಾಕಿರುವುದಿಲ್ಲ. ಹಂದಿ ಬೇಡದವರಿಗೆ ಕೋಳಿಯ ಮೂಳೆಯಿಂದ ಇದೇ ರೀತಿ ಮಾಡಿದ ತೋರಿ ಪೈತಾನ್ ಇದೆ. ಗಟ್ಟಿತನ ಅದೇ, ವಾಸನೆ ಹಗುರ. ಮೆನುವಿನಲ್ಲಿ ಅದು ಕಂಡರೆ ಬಿಡಬೇಡಿ.

ಮೊದಲ ಸಲ ಹೋಗುವವರಿಗೆ ಎಲ್ಲರೂ ತೊಂಕೊತ್ಸು ತಿನ್ನಿ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಒಂದು, ಅದು ಭಾರ, ಅರ್ಧಕ್ಕೇ ಹೊಟ್ಟೆ ತುಂಬಿ ಬಾಯಿಗೆ ಜಿಡ್ಡು ಅನಿಸುತ್ತದೆ. ಎರಡು, ಅದಕ್ಕೆ ಹಾಕುವುದು ಜಪಾನಿನ ಹಕಾತಾ ಕಡೆಯ ತೆಳು, ನೇರ ಎಳೆ. ಅದು ಒಂದು ನಿಮಿಷದೊಳಗೆ ಬೇಯುತ್ತದೆ, ಅಷ್ಟೇ ಬೇಗ ಮೆತ್ತಗೂ ಆಗುತ್ತದೆ. ಅದಕ್ಕೇ ಅಲ್ಲಿನವರು ಮೊದಲು ಕಡಿಮೆ ನೂಡಲ್ಸ್ ಹಾಕಿ, ಅದು ಮುಗಿದ ಮೇಲೆ ಉಳಿದ ಸಾರಿಗೆ ಇನ್ನೊಂದು ಹಿಡಿ ಬಿಸಿ ನೂಡಲ್ಸ್ ಹಾಕಿಸಿಕೊಳ್ಳುತ್ತಾರೆ. ಇದಕ್ಕೆ ಕಾಯೆದಾಮ ಅನ್ನುತ್ತಾರೆ. ಇಲ್ಲಿನ ಅಂಗಡಿಯಲ್ಲೂ ಎಕ್ಸ್‌ಟ್ರಾ ನೂಡಲ್ಸ್ ಸಿಗುತ್ತದಾ ಅಂತ ಕೇಳಿ. ಸಿಗುತ್ತದೆ ಅಂದರೆ ಎರಡು ಬಟ್ಟಲು ತರಿಸುವ ಬದಲು ಒಂದು ಬಟ್ಟಲು, ಒಂದು ಎಕ್ಸ್‌ಟ್ರಾ ಸಾಕು. ಆದರೆ ಸಾರನ್ನು ಪೂರ್ತಿ ಕುಡಿದುಬಿಡಬೇಡಿ. ವೇಗವಾಗಿ ತಿನ್ನುವವರಿಗೆ ತೊಂಕೊತ್ಸು ಸರಿ, ನಿಧಾನಸ್ಥರಿಗೆ ಅಲ್ಲ.

ನಿಧಾನಸ್ಥರಿಗೆ ಮಿಸೊ. ಇದು ಚಳಿಯ ಊರು ಸಪ್ಪೊರೊದಲ್ಲಿ 1950ರ ದಶಕದಲ್ಲಿ ಬೆಳೆದ ಬಗೆ. ಎಳೆ ದಪ್ಪ, ಸುರುಳಿ ಸುರುಳಿ, ಹಳದಿ. ಮೇಲೆ ಕೊಬ್ಬಿನ ಪದರ ಇರುವುದರಿಂದ ಸಾರು ಬೇಗ ಆರುವುದಿಲ್ಲ. ಜೋಳದ ಕಾಳು, ಬೆಣ್ಣೆ ಹಾಕುವುದೂ ಆ ಕಡೆಯ ಪದ್ಧತಿಯೇ. ಉಪ್ಪು, ಖಾರ, ಹುಳಿ ಎಲ್ಲ ಗಟ್ಟಿಯಾಗಿ ಇರಬೇಕು ಅನ್ನುವ ನಮ್ಮ ನಾಲಿಗೆಗೆ ಮೊದಲ ದಿನವೇ ಹಿಡಿಸುವುದು ಇದೇ. ಮಳೆಗಾಲದಲ್ಲಿ ಒದ್ದೆಯಾಗಿ ಬಂದು ಕೂತಾಗ ಇದಕ್ಕಿಂತ ಒಳ್ಳೆಯದು ಇಲ್ಲ.

ಶೋಯು ಮತ್ತು ಶಿಯೊ ತಿಳಿಸಾರು. ಟೋಕಿಯೊದ ಅಸಾಕುಸದಲ್ಲಿ 1910ರಲ್ಲಿ ಶುರುವಾದ ರೈರೈಕೆನ್ ಅಂಗಡಿಯ ಕಾಲದಿಂದ ಟೋಕಿಯೊ ಕಡೆ ಶೋಯುವೇ ಮುಖ್ಯ. ಅಡುಗೆಯವನ ಕೈ ಹೇಗಿದೆ ಅಂತ ಗೊತ್ತಾಗುವುದು ಶಿಯೊದಲ್ಲಿ, ಏಕೆಂದರೆ ಮರೆಮಾಚಲು ಅಲ್ಲಿ ಏನೂ ಇಲ್ಲ. ಆದರೆ ಖಾರ ಊಟಕ್ಕೆ ಒಗ್ಗಿದವರು ಮೊದಲ ಸಲಕ್ಕೇ ಶಿಯೊ ತಗೊಂಡರೆ ಸಪ್ಪೆ ಅನ್ನುತ್ತಾರೆ. ಶೋಯುವಿನಿಂದ ಶುರು ಮಾಡಿ. ಕೆಲವು ಕಡೆ ಇದರ ಸಾರಿಗೆ ನಿಬೊಶಿ, ಅಂದರೆ ಸಣ್ಣ ಒಣಮೀನು ಹಾಕುತ್ತಾರೆ. ಕರಾವಳಿಯವರಿಗೆ ಆ ವಾಸನೆ ಮೂಗಿಗೆ ಬಡಿದ ಕೂಡಲೇ ಮನೆಯ ನೆನಪಾಗುತ್ತದೆ.

ಖಾರವೇ ಬೇಕು ಅಂದರೆ ತಾನ್‌ತಾನ್‌ಮೆನ್. ಚೀನಾದ ಸಿಚುವಾನ್ ಕಡೆಯಿಂದ ಬಂದದ್ದು. ಎಳ್ಳಿನ ಪೇಸ್ಟ್, ಮೆಣಸಿನ ಎಣ್ಣೆ ಹಾಕಿರುತ್ತಾರೆ. ಹುಚ್ಚೆಳ್ಳು, ಶೇಂಗಾ ಚಟ್ನಿ ತಿಂದು ಬೆಳೆದ ಉತ್ತರ ಕರ್ನಾಟಕದವರಿಗೆ ಇದರಲ್ಲಿ ಹೊಸದು ಅನಿಸುವುದು ಕಡಿಮೆ, ಇಷ್ಟವಾಗುವುದು ಜಾಸ್ತಿ.

ಇನ್ನು ಎರಡು ಬಗೆ ಇವೆ, ಗದ್ದಲದ ಅಂಗಡಿಯಲ್ಲಿ ಜನ ಇವನ್ನು ಅಷ್ಟಾಗಿ ಗಮನಿಸುವುದಿಲ್ಲ. ಒಂದು ತ್ಸುಕೆಮೆನ್. ಇದರಲ್ಲಿ ಬೆಂದ ದಪ್ಪ ನೂಡಲ್ಸನ್ನು ತಣ್ಣೀರಿನಲ್ಲಿ ತೊಳೆದು ಬೇರೆ ತಟ್ಟೆಯಲ್ಲಿ ಕೊಡುತ್ತಾರೆ. ಪಕ್ಕದಲ್ಲಿ ಚಿಕ್ಕ ಬಟ್ಟಲಿನಲ್ಲಿ ಗಟ್ಟಿ ಸಾರು. ಅದ್ದಿ ಅದ್ದಿ ತಿನ್ನಬೇಕು. ಟೋಕಿಯೊದ ತೈಶೋಕೆನ್ ಅಂಗಡಿಯಲ್ಲಿ ಕಜುಒ ಯಮಗಿಶಿ ಅನ್ನುವವರು 1955ರಲ್ಲಿ ಇದನ್ನು ಗಿರಾಕಿಗಳಿಗೆ ಕೊಡಲು ಶುರು ಮಾಡಿದರು. ಎಳೆ ಸಾರಿನಲ್ಲಿ ಮುಳುಗಿ ಕೂರುವುದಿಲ್ಲವಾದ್ದರಿಂದ ಊದುವ ಭಯವೇ ಇಲ್ಲ. ಮಗುವಿಗೆ ತಿನ್ನಿಸುತ್ತಾ ನಡುನಡುವೆ ತಾವೂ ತಿನ್ನುವ ತಾಯಂದಿರಿಗೆ, ಮಾತಾಡದೆ ಊಟ ಮಾಡಲು ಆಗದವರಿಗೆ ಇದು ಹೇಳಿ ಮಾಡಿಸಿದ್ದು. ಕೊನೆಗೆ ಉಳಿದ ಗಟ್ಟಿ ಸಾರಿಗೆ ಬಿಸಿ ತಿಳಿಸಾರು ಬೆರೆಸಿ ಕೊಡುವಂತೆ ಕೇಳಬಹುದು, ಅದನ್ನು ಕುಡಿಯಬಹುದು. ಮೇ ತಿಂಗಳ ಸೆಕೆಯಲ್ಲಿ ನಾನು ಬೇರೇನನ್ನೂ ತರಿಸುವುದಿಲ್ಲ. ಇನ್ನೊಂದು ಮಜೆಸೊಬ. ಇದರಲ್ಲಿ ಸಾರೇ ಇಲ್ಲ, ಕಲಸಿ ತಿನ್ನುವುದು. ಹಂಚಿಕೊಂಡು ತಿನ್ನುವುದಿದ್ದರೆ ಇದೇ ಸರಿ. ಸಾರಿರುವ ರಾಮೆನ್ ಒಂದು ಬಟ್ಟಲು ಒಬ್ಬರಿಗೇ, ಮೂರು ಜನ ಒಂದೇ ಬಟ್ಟಲಿಗೆ ಚಮಚ ಹಾಕಿದರೆ ಯಾರಿಗೂ ಸರಿಯಾಗಿ ಸಿಗುವುದಿಲ್ಲ.

ತಿನ್ನುವಾಗ ಸುರ್ ಅಂತ ಹೀರಲು ನಾಚಿಕೆ ಬೇಡ. ಗಾಳಿ ಸೇರಿ ಎಳೆ ಸ್ವಲ್ಪ ಆರುತ್ತದೆ, ಘಮವೂ ಮೂಗಿಗೆ ಏರುತ್ತದೆ. ಕಡ್ಡಿ ಹಿಡಿಯಲು ಬಾರದಿದ್ದರೆ ಫೋರ್ಕ್ ಕೇಳಿ. ಕಡ್ಡಿಯೊಂದಿಗೆ ಗುದ್ದಾಡುತ್ತಾ ಐದು ನಿಮಿಷ ಕಳೆಯುವುದಕ್ಕಿಂತ ಫೋರ್ಕಿನಲ್ಲಿ ಬಿಸಿಬಿಸಿ ತಿನ್ನುವುದೇ ಮೇಲು.

ಸಸ್ಯಾಹಾರಿಗಳು ಗಮನಿಸಿ

ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಮೋಸ ಮಾಡುವ ಉದ್ದೇಶ ಇಲ್ಲದೆಯೂ ಇಲ್ಲಿ ಎಡವಟ್ಟಾಗಬಹುದು. ಬಟ್ಟಲಿನಲ್ಲಿ ಕಾಣುವುದೆಲ್ಲ ತರಕಾರಿ, ತೋಫು, ಅಣಬೆ. ಆದರೆ ಸಾರು ಯಾವುದರದ್ದು? ಜಪಾನಿ ಅಡುಗೆಯ ಬೇರು ದಾಶಿ ಅನ್ನುವ ತಿಳಿಸಾರು. ಅದರಲ್ಲಿ ಸಾಮಾನ್ಯವಾಗಿ ಎರಡು ಸಾಮಾನು: ಕೊಂಬು ಅನ್ನುವ ಸಮುದ್ರ ಪಾಚಿ, ಮತ್ತು ಹೊಗೆಯಲ್ಲಿ ಒಣಗಿಸಿ ತೆಳ್ಳಗೆ ಹೆರೆದ ಮೀನು, ಕತ್ಸುಒಬುಶಿ. ಮೀನಿಲ್ಲದೆ ಕೊಂಬು ಮತ್ತು ಒಣ ಶಿಟಾಕೆ ಅಣಬೆಯಿಂದಲೂ ಒಳ್ಳೆಯ ದಾಶಿ ಆಗುತ್ತದೆ. ಕೊಂಬುವಿನ ಆ ರುಚಿಗೆ ಗ್ಲುಟಮೇಟ್ ಕಾರಣ ಅಂತ ಜಪಾನಿನ ವಿಜ್ಞಾನಿ ಕಿಕುನಾಯೆ ಇಕೆಡಾ 1908ರಲ್ಲೇ ಕಂಡುಹಿಡಿದಿದ್ದರು. ಅಂದರೆ ಸಸ್ಯಾಹಾರಿ ರಾಮೆನ್ ಅಂದ್ರೆ ಏನೋ ಕಡಿಮೆಯದು ಅಂತ ತಿಳಿಯಬೇಕಾಗಿಲ್ಲ.

ಹಾಗಾಗಿ "ವೆಜ್ ಹೈ ಕ್ಯಾ" ಅಂತ ಕೇಳಿದರೆ ಸಾಲದು. "ಸೂಪ್ ಮೇ ಫಿಶ್ ಯಾ ಚಿಕನ್ ಸ್ಟಾಕ್ ಹೈ ಕ್ಯಾ" ಅಂತ ಬಿಡಿಸಿ ಕೇಳಿ. ನನ್ನ ಅತ್ತಿಗೆ ಇದನ್ನು ಕೇಳದೆ ಕುರ್ಚಿಯಲ್ಲೇ ಕೂರುವುದಿಲ್ಲ, ಅದೇ ಸರಿಯಾದ ಕ್ರಮ. ಬಡಿಸುವ ಹುಡುಗನಿಗೆ ಗೊತ್ತಿಲ್ಲದಿದ್ದರೆ ಒಳಗೆ ಹೋಗಿ ಕೇಳಿ ಬರಲು ಹೇಳಿ. ನೂಡಲ್ಸ್‌ನಲ್ಲಿ ಮೊಟ್ಟೆ ಇದೆಯಾ ಅಂತಲೂ ಕೇಳಿ. ರಾಮೆನ್ ಎಳೆಗೆ ಹಳದಿ ಬಣ್ಣ, ಎಳೆತ ಬರುವುದು ಕನ್ಸುಯಿ ಅನ್ನುವ ಕ್ಷಾರದ ನೀರಿನಿಂದ, ಮೊಟ್ಟೆ ಬೇಕೇ ಬೇಕು ಅಂತಿಲ್ಲ. ಆದರೆ ಕೆಲವರು ಹಾಕುತ್ತಾರೆ. ಮದ್ಯ ಪೂರ್ತಿ ಬಿಟ್ಟವರು ತಾರೆಯಲ್ಲಿ ಮಿರಿನ್, ಸಾಕೆ ಇದೆಯಾ ಅಂತ ಕೇಳಬೇಕು, ಇವೆರಡೂ ಅಕ್ಕಿಯಿಂದ ಮಾಡಿದ ಮದ್ಯವೇ. ಈರುಳ್ಳಿ, ಬೆಳ್ಳುಳ್ಳಿ ಬಿಟ್ಟವರಿಗೆ ಇದು ಕಷ್ಟದ ಜಾಗ, ಸಾರಿನಿಂದ ಅವನ್ನು ಆಮೇಲೆ ತೆಗೆಯಲು ಆಗುವುದಿಲ್ಲ. ಇಷ್ಟೆಲ್ಲ ಪ್ರಶ್ನೆಗಳನ್ನು ಶನಿವಾರ ರಾತ್ರಿಯ ನೂಕುನುಗ್ಗಲಲ್ಲಿ ಕೇಳುವುದಕ್ಕಿಂತ ಹಿಂದಿನ ದಿನ ಮಧ್ಯಾಹ್ನ ಫೋನ್ ಮಾಡಿ ಕೇಳಿದರೆ ಸಮಾಧಾನದ ಉತ್ತರ ಸಿಗುತ್ತದೆ. ವೆಜ್ ಆಯ್ಕೆಗಳಲ್ಲಿ ನನ್ನ ಮತ ಸೋಯಾ ಹಾಲು, ಎಳ್ಳಿನ ಪೇಸ್ಟ್ ಹಾಕಿದ ತಾನ್‌ತಾನ್‌ಗೆ, ಆಮೇಲೆ ಮಿಸೊಗೆ. ಮೂಳೆಯ ಸಾರಿನ ಗಟ್ಟಿತನಕ್ಕೆ ಹತ್ತಿರ ಬರುವುದು ಅವೇ.

ಬಿಲ್ಲು, ಪಾರ್ಸೆಲ್ಲು

ಮೆನುವಿನ ಬೆಲೆಯ ಮೇಲೆ ಶೇ. 5 ಜಿಎಸ್‌ಟಿ ಬರುತ್ತದೆ. ಸರ್ವಿಸ್ ಚಾರ್ಜ್ ಬೇರೆ ವಿಷಯ. ಅದನ್ನು ಬಿಲ್ಲಿಗೆ ತಾವಾಗಿ ಸೇರಿಸುವಂತಿಲ್ಲ ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಕೊಡುವ ಮನಸ್ಸಿದ್ದರೆ ಕೊಡಿ, ಹುಡುಗರು ದುಡಿಯುತ್ತಾರೆ. ಬೇಡವಾದರೆ ತೆಗೆಸಿ.

ಕಾಯುವ ಗೋಳೇ ಬೇಡ ಅಂತ ಮನೆಗೆ ತರಿಸುವವರಿದ್ದಾರೆ. ಇನ್ನು ಕೆಲವರು ಇದಕ್ಕಿಂತ ಪೊಟ್ಟಣದ ನೂಡಲ್ಸ್ ಸಾಕು ಅನ್ನುತ್ತಾರೆ. ಪೊಟ್ಟಣದ್ದು ಮೊಮೊಫುಕು ಆಂದೊ 1958ರಲ್ಲಿ ತಂದ ಉಪಾಯ, ಎಳೆಯನ್ನು ಎಣ್ಣೆಯಲ್ಲಿ ಕರಿದು ಒಣಗಿಸಿ ಇಟ್ಟದ್ದು. ಅದರ ಜಾಗ ಬೇರೆ, ಹಸಿ ಎಳೆಗೆ ಅದು ಬದಲಿಯಲ್ಲ. ಪಾರ್ಸೆಲ್ ತರಿಸುವುದಾದರೆ ಮಜೆಸೊಬ ಅಥವಾ ತ್ಸುಕೆಮೆನ್ ತರಿಸಿ, ದಾರಿಯಲ್ಲಿ ಕೆಡುವುದು ಕಡಿಮೆ. ಸಾರಿನ ರಾಮೆನ್ನೇ ಬೇಕು ಅಂದರೆ ಸಾರು, ನೂಡಲ್ಸ್, ಮೇಲಿನ ಸಾಮಾನು ಮೂರನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಕೊಡುತ್ತಾರಾ ಅಂತ ಮೊದಲೇ ಕೇಳಿ. ಒಟ್ಟಿಗೇ ಹಾಕಿ ಕೊಡುತ್ತಾರಾದರೆ ತರಿಸಲೇಬೇಡಿ. ಬೇರೆ ಬೇರೆ ಬಂದರೆ, ಸಾರನ್ನು ಪಾತ್ರೆಗೆ ಸುರಿದು ಚೆನ್ನಾಗಿ ಕುದಿ ಬರಿಸಿ. ಇನ್ನೊಂದು ಒಲೆಯಲ್ಲಿ ನೀರು ಕುದಿಯಲಿ. ನೂಡಲ್ಸ್ ಅಂಟಿಕೊಂಡು ಉಂಡೆಯಾಗಿರುತ್ತದೆ, ಅದನ್ನು ಜರಡಿಯಲ್ಲಿಟ್ಟು ಕುದಿನೀರಿನಲ್ಲಿ ಹದಿನೈದು ಇಪ್ಪತ್ತು ಸೆಕೆಂಡು ಅದ್ದಿ, ಬಿಡಿಸಿ, ನೀರು ಝಾಡಿಸಿ ತೆಗೆಯಿರಿ. ಸ್ಟೀಲ್ ಬಟ್ಟಲು ಬೇಡ, ಪಿಂಗಾಣಿಯದ್ದಿದ್ದರೆ ಬಿಸಿನೀರು ಹಾಕಿ ಬೆಚ್ಚಗೆ ಮಾಡಿಕೊಳ್ಳಿ. ಮನೆಯವರನ್ನೆಲ್ಲ ಮೊದಲೇ ಕರೆದು ಕೂರಿಸಿ, ಒಂದೊಂದಾಗಿ ಮಾಡಿ ಕೊಡಿ.